ಬಾಡಿಗೆಗೆ ಮಿತಿ ಹಾಕಿದರೆ ಮನೆ ಸಿಗುತ್ತದೆಯೇ?

1915ರ ಗ್ಲಾಸ್ಗೋ, ಸ್ಕಾಟ್ಲೆಂಡಿನ ದೊಡ್ಡ ಊರು. ಮೊದಲ ಮಹಾಯುದ್ಧ ನಡೆಯುತ್ತಿತ್ತು. ಹಡಗು ಕಟ್ಟುವ ಕಡೆ, ಮದ್ದುಗುಂಡಿನ ಕಾರ್ಖಾನೆಗಳ ಕಡೆ ಕೆಲಸ ಹುಡುಕಿಕೊಂಡು ಸಾವಿರಾರು ಜನ ಆ ಊರಿಗೆ ಬಂದರು. ಮನೆಗಳು ಮಾತ್ರ ಇದ್ದಷ್ಟೇ ಇದ್ದವು. ಮಾಲೀಕರು ಬಾಡಿಗೆ ಏರಿಸಿದರು. ಗಂಡ ಯುದ್ಧಕ್ಕೆ ಹೋಗಿದ್ದ ಮನೆಯನ್ನೂ ಬಿಡಲಿಲ್ಲ. ಆಗ ಮೇರಿ ಬಾರ್ಬರ್ ಎಂಬಾಕೆ ಮುಂದೆ ನಿಂತು ಹೆಂಗಸರನ್ನು ಒಟ್ಟುಗೂಡಿಸಿದಳು. ಏರಿಸಿದ ಬಾಡಿಗೆ ಕೊಡುವುದಿಲ್ಲ ಅಂತ ಎಲ್ಲರೂ ಪಟ್ಟು ಹಿಡಿದರು. ಮನೆ ಖಾಲಿ ಮಾಡಿಸಲು ಅಮೀನರು ಬರುವ ಸುಳಿವು ಸಿಕ್ಕರೆ ಯಾರಾದರೊಬ್ಬರು ಗಂಟೆ ಬಾರಿಸುತ್ತಿದ್ದರು. ಒಲೆ ಮೇಲಿದ್ದದ್ದನ್ನು ಅಲ್ಲೇ ಬಿಟ್ಟು ಹೆಂಗಸರು ಓಡಿ ಬರುತ್ತಿದ್ದರು. ಮೆಟ್ಟಿಲ ಮೇಲೆ ಒತ್ತೊತ್ತಾಗಿ ನಿಂತು ದಾರಿ ಕಟ್ಟುತ್ತಿದ್ದರು, ಬಂದವರ ಮೇಲೆ ಹಿಟ್ಟು ಎರಚುತ್ತಿದ್ದರು. ವರ್ಷದ ಕೊನೆಯ ಹೊತ್ತಿಗೆ ಸುಮಾರು 20 ಸಾವಿರ ಕುಟುಂಬಗಳು ಈ ಮುಷ್ಕರದಲ್ಲಿದ್ದವು. ಡಿಸೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಮಣಿಯಿತು. ಯುದ್ಧ ಶುರುವಾದಾಗ ಎಷ್ಟು ಬಾಡಿಗೆ ಇತ್ತೋ ಅಷ್ಟಕ್ಕೇ ನಿಲ್ಲಬೇಕು ಎಂಬ ಕಾನೂನು ಬಂತು.

ಬಾಡಿಗೆ ನಿಯಂತ್ರಣದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬೇಡಿಕೆ-ಪೂರೈಕೆಯ ಗೆರೆಗಳಿಂದ ಶುರು ಮಾಡುತ್ತಾರೆ. ನಾನು ಈ ಹೆಂಗಸರಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಬಾಡಿಗೆ ಮಿತಿ ಎಲ್ಲೇ ಬಂದಿರಲಿ, ಅದರ ಹಿಂದೆ ನಿಜವಾದ ಸಂಕಟ ಇದ್ದೇ ಇರುತ್ತದೆ. "ಮುಂದಿನ ತಿಂಗಳಿಂದ ಬಾಡಿಗೆ ಜಾಸ್ತಿ, ಆಗದಿದ್ದರೆ ಖಾಲಿ ಮಾಡಿ" ಅನ್ನುವ ಮಾತು ಕೇಳಿದ ರಾತ್ರಿ ನಿದ್ದೆ ಬರುವುದಿಲ್ಲ. ಮಕ್ಕಳ ಶಾಲೆ ಇಲ್ಲೇ ಇದೆ, ಕೆಲಸ ಇಲ್ಲೇ ಇದೆ, ಪರಿಚಯದ ಡಾಕ್ಟರು ಇಲ್ಲೇ ಇದ್ದಾರೆ. ತರಕಾರಿ ತುಟ್ಟಿಯಾದರೆ ಕಡಿಮೆ ಕೊಳ್ಳಬಹುದು, ಅರ್ಧ ಮನೆ ಕೊಳ್ಳೋಕೆ ಆಗಲ್ಲ ಅಲ್ವಾ? ಈ ಭಯವನ್ನು ತಳ್ಳಿಹಾಕಿ ಅರ್ಥಶಾಸ್ತ್ರ ಮಾತಾಡುವವರನ್ನು ಜನ ನಂಬದೇ ಇರುವುದು ಸರಿಯಾಗಿಯೇ ಇದೆ.

ಆದರೂ ನೂರು ವರ್ಷದ ಅನುಭವ ನೋಡಿದ ಮೇಲೆ ಒಂದು ಮಾತು ಹೇಳದೆ ವಿಧಿಯಿಲ್ಲ. ಬಾಡಿಗೆಗೆ ಹಾಕುವ ಮಿತಿ ಮನೆಯ ಒಳಗಿರುವವರನ್ನು ಕಾಪಾಡುತ್ತದೆ. ಅದರ ಖರ್ಚನ್ನು ಬಾಗಿಲ ಹೊರಗೆ ನಿಂತವರ ಮೇಲೆ ಹಾಕುತ್ತದೆ.

ಇದು ಹೇಗಾಗುತ್ತದೆ ನೋಡೋಣ. ಬೆಲೆ ಎರಡು ಕೆಲಸ ಮಾಡುತ್ತದೆ. ಒಂದು, ಯಾರ ಜೇಬಿನಿಂದ ಯಾರ ಜೇಬಿಗೆ ಎಷ್ಟು ಹೋಗಬೇಕು ಅಂತ ಹೇಳುತ್ತದೆ. ನೋವಾಗುವುದು ಇಲ್ಲೇ. ಇನ್ನೊಂದು, ಸುದ್ದಿ ಮುಟ್ಟಿಸುತ್ತದೆ. ಬಾಡಿಗೆ ಏರಿತು ಅಂದರೆ "ಇಲ್ಲಿ ಮನೆ ಸಾಲುತ್ತಿಲ್ಲ" ಎಂಬ ಸುದ್ದಿ ಹೊರಟಿತು ಅಂತ. ಅದನ್ನು ಕೇಳಿ ಒಬ್ಬ ಹೊಸ ಮಹಡಿ ಎಬ್ಬಿಸುತ್ತಾನೆ, ಇನ್ನೊಬ್ಬ ಸುಮ್ನೆ ಬೀಗ ಹಾಕಿದ್ದ ಕೋಣೆಯನ್ನು ಬಾಡಿಗೆಗೆ ಕೊಡುತ್ತಾನೆ, ಮತ್ತೊಬ್ಬ ಸ್ವಲ್ಪ ದೂರದಲ್ಲಿ ಮನೆ ಹುಡುಕುತ್ತಾನೆ. ಮಿತಿ ಹಾಕಿದಾಗ ಮೊದಲನೆಯದರ ನೋವು ಕಡಿಮೆಯಾಗುತ್ತದೆ, ಜೊತೆಗೆ ಎರಡನೆಯ ಸುದ್ದಿಯೂ ನಿಂತುಹೋಗುತ್ತದೆ. ಮನೆಗಳ ಕೊರತೆ ಮಾತ್ರ ಹಾಗೇ ಉಳಿಯುತ್ತದೆ.

ಕೊರತೆ ಇದ್ದಮೇಲೆ ಯಾರಿಗೆ ಸಿಗಬೇಕು ಅಂತ ಯಾವುದಾದರೂ ಒಂದು ತೀರ್ಮಾನಿಸಲೇಬೇಕು. ಬೆಲೆ ತೀರ್ಮಾನಿಸದಿದ್ದರೆ ಸರದಿ ತೀರ್ಮಾನಿಸುತ್ತದೆ, ಪರಿಚಯ ತೀರ್ಮಾನಿಸುತ್ತದೆ, ಕೈಯಡಿಯಲ್ಲಿ ಕೊಡುವ ದುಡ್ಡು ತೀರ್ಮಾನಿಸುತ್ತದೆ. ಒಂದು ಮನೆಗೆ 50 ಜನ ಬಂದು ನಿಂತರು ಅಂದುಕೊಳ್ಳಿ. ಎಲ್ಲರೂ ಕೊಡುವುದು ಕಾನೂನು ಹೇಳಿದ ಅದೇ ಬಾಡಿಗೆ. ಮಾಲೀಕ ಯಾರಿಗೆ ಕೊಡುತ್ತಾನೆ? ಖಾಯಂ ಸಂಬಳ ಇರುವವರಿಗೆ. ಚಿಕ್ಕ ಮಕ್ಕಳಿಲ್ಲದವರಿಗೆ. ತನ್ನಂತೆ ಮಾತಾಡುವ, ತನ್ನಂತೆ ಕಾಣುವವರಿಗೆ. ಬಾಡಿಗೆಯನ್ನು ಬೇಕಾದಂತೆ ಇಡಬಹುದಾದಾಗ, ಇಷ್ಟವಿಲ್ಲದವರನ್ನು ದೂರ ಇಟ್ಟರೆ ಮನೆ ಖಾಲಿ ಬಿದ್ದಿರುವ ನಷ್ಟವನ್ನು ಅವನೇ ಹೊರಬೇಕಿತ್ತು. ಈಗ ಸಾಲಿನಲ್ಲಿ ಇನ್ನೂ 49 ಜನ ಇದ್ದಾರೆ. ಬೇಧಭಾವ ಅವನಿಗೆ ಪುಕ್ಕಟೆ. ಗಂಟು ಮೂಟೆ ಕಟ್ಟಿಕೊಂಡು ಹೊಸದಾಗಿ ಊರಿಗೆ ಬಂದವರು, ಒಂಟಿ ತಾಯಂದಿರು, ಕೂಲಿ ಮಾಡುವವರು ಕೊನೆಯಲ್ಲಿ ಉಳಿಯುತ್ತಾರೆ. ಕಾನೂನು ತಂದಿದ್ದು ಇವರಿಗಾಗಿ. ಈ ವಿಷಯ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ.

ರಿಪೇರಿ ವಿಷಯವನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಆರು ಮನೆಗಳ ಒಂದು ಹಳೇ ಕಟ್ಟಡ. ಮಳೆಗಾಲದಲ್ಲಿ ಮೇಲಿನ ಮನೆಯ ಚಾವಣಿ ಸೋರುತ್ತದೆ. ಸರಿ ಮಾಡಿಸಲು ಇಡೀ ಕಟ್ಟಡದ ಐದು ತಿಂಗಳ ಬಾಡಿಗೆಯಷ್ಟು ಖರ್ಚು. ಮಿತಿ ಇಲ್ಲದ ಕಡೆ ಮಾಲೀಕ ಗೊಣಗಿಕೊಂಡಾದರೂ ಮಾಡಿಸುತ್ತಾನೆ. ಮಾಡಿಸದಿದ್ದರೆ ಬಾಡಿಗೆದಾರರು ಬಿಟ್ಟುಹೋಗುತ್ತಾರೆ, ಸೋರುವ ಮನೆಗೆ ಬೇರೆಯವರು ಬರುವುದಿಲ್ಲ. ಬಾಡಿಗೆ ಹತ್ತು ವರ್ಷದಿಂದ ಕದಲದೆ ನಿಂತಿರುವ ಕಡೆ ಲೆಕ್ಕ ತಿರುಗುತ್ತದೆ. ಚಾವಣಿ ಸರಿ ಮಾಡಿಸಿದರೂ ಬಾಡಿಗೆ ಅಷ್ಟೇ, ಮಾಡಿಸದಿದ್ದರೂ ಅಷ್ಟೇ. ಒಬ್ಬರು ಹೋದರೆ ಹತ್ತು ಜನ ಕಾದಿದ್ದಾರೆ. ಬಾಡಿಗೆದಾರನಿಗೂ ಇದು ಗೊತ್ತು. ಈ ಬಾಡಿಗೆಗೆ ಬೇರೆಲ್ಲೂ ಮನೆ ಸಿಗಲ್ಲ ಅಂತ ಸೋರುವ ಕಡೆ ಬಕೆಟ್ ಇಟ್ಟು ಸುಮ್ಮನಾಗುತ್ತಾನೆ. ಮೊದಲು ಸುಣ್ಣ ಉದುರುತ್ತದೆ, ಆಮೇಲೆ ಗಾರೆ, ಆಮೇಲೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಕಾಗದದ ಮೇಲೆ ಬಾಡಿಗೆ ಏರಿಲ್ಲ. ಅದೇ ಬಾಡಿಗೆಗೆ ಸಿಗುತ್ತಿರುವ ಮನೆ ಮಾತ್ರ ವರ್ಷ ವರ್ಷವೂ ಕೆಟ್ಟದಾಗುತ್ತಿದೆ.

ಮುಂಬೈನಲ್ಲಿ ಇದು ಕೊನೆಯ ಹಂತದವರೆಗೂ ಹೋಯಿತು. 1947ರ ಕಾನೂನು ಅಲ್ಲಿನ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ತಲೆಮಾರು ಕಳೆದರೂ ಬಾಡಿಗೆ ಹೆಚ್ಚುಕಮ್ಮಿ ಅಲ್ಲೇ ನಿಂತಿತು. ಬಾಡಿಗೆ ಹಕ್ಕು ಕೈ ಬದಲಾಗುವಾಗ 'ಪಗಡಿ' ಎಂಬ ದೊಡ್ಡ ಮೊತ್ತ ಓಡಾಡತೊಡಗಿತು. ಹಳೇ ಕಟ್ಟಡಗಳನ್ನು ನೋಡಿಕೊಳ್ಳುವವರು ಯಾರೂ ಇಲ್ಲದೆ, ಬಾಡಿಗೆದಾರರಿಂದ ತೆರಿಗೆ ತೆಗೆದುಕೊಂಡು ಸರ್ಕಾರಿ ಮಂಡಳಿಯೇ ರಿಪೇರಿ ಮಾಡಿಸಬೇಕಾಯಿತು. ಆದರೂ ಮಳೆಗಾಲ ಬಂತೆಂದರೆ ಕಟ್ಟಡ ಕುಸಿದ ಸುದ್ದಿ ಬರುತ್ತಲೇ ಇರುತ್ತದೆ.

ಇದಕ್ಕೆಲ್ಲ ಮಾಲೀಕರ ದುರಾಸೆ ಕಾರಣ, ಕಾನೂನು ಕಾರಣವಲ್ಲ ಅಂತ ಕೆಲವರು ಹೇಳಬಹುದು. ಇದನ್ನು ಪರೀಕ್ಷಿಸಲು ಒಳ್ಳೆಯ ಅವಕಾಶ ಸಿಕ್ಕಿದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅಲ್ಲಿ 1979ರಿಂದ ಬಾಡಿಗೆ ನಿಯಂತ್ರಣ ಇತ್ತು. ಮಾಲೀಕರು ವಾಸವಿರುವ, ನಾಲ್ಕು ಮನೆಗಳವರೆಗಿನ ಚಿಕ್ಕ ಕಟ್ಟಡಗಳನ್ನು ಅದರಿಂದ ಹೊರಗಿಟ್ಟಿದ್ದರು. 1994ರಲ್ಲಿ ಮತದಾರರು ಆ ವಿನಾಯಿತಿ ತೆಗೆದುಹಾಕಿದರು, ಆದರೆ 1980ಕ್ಕಿಂತ ಮುಂಚೆ ಕಟ್ಟಿದವುಗಳಿಗೆ ಮಾತ್ರ. ಹೀಗಾಗಿ ಒಂದೇ ಬೀದಿಯ ಒಂದೇ ಥರದ ಎರಡು ಕಟ್ಟಡಗಳಲ್ಲಿ 1979ರದ್ದು ನಿಯಂತ್ರಣಕ್ಕೆ ಬಂತು, 1981ರದ್ದು ಬರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ರೆಬೆಕಾ ಡೈಮಂಡ್, ಟಿಮ್ ಮೆಕ್ವೇಡ್, ಫ್ರಾಂಕ್ಲಿನ್ ಚಿಯನ್ ಈ ಎರಡೂ ಬಗೆಯ ಮನೆಗಳಲ್ಲಿದ್ದವರು ಮುಂದೆ ಏನಾದರು ಅಂತ ವರ್ಷಗಟ್ಟಲೆಯ ದಾಖಲೆ ಹಿಡಿದು ನೋಡಿದರು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು.

ಒಳಗಿದ್ದವರಿಗೆ ಲಾಭ ಆಗಿತ್ತು, ಅದರಲ್ಲಿ ಸಂಶಯವಿಲ್ಲ. ಅವರು ಅದೇ ವಿಳಾಸದಲ್ಲಿ ಉಳಿಯುವ ಸಾಧ್ಯತೆ ಶೇ 10ರಿಂದ 20ರಷ್ಟು ಹೆಚ್ಚಿತು. ವಯಸ್ಸಾದವರಿಗೆ, ಬಹಳ ವರ್ಷದಿಂದ ಇದ್ದವರಿಗೆ ಇದು ಸಣ್ಣ ವಿಷಯ ಅಲ್ಲ. ಆದರೆ ನಿಯಂತ್ರಣಕ್ಕೆ ಬಂದ ಕಟ್ಟಡಗಳ ಮಾಲೀಕರು ಬಾಡಿಗೆಗೆ ಕೊಡುವ ಮನೆಗಳನ್ನು ಶೇ 15ರಷ್ಟು ಕಡಿಮೆ ಮಾಡಿದರು. ಕೆಲವರು ಬಿಡಿ ಫ್ಲಾಟ್‌ಗಳಾಗಿ ಮಾರಿದರು, ಕೆಲವರು ಕೆಡವಿ ಹೊಸದಾಗಿ ಕಟ್ಟಿದರು. ಆ ಮನೆಗಳಿಗೆ ಬಂದವರು ಹೆಚ್ಚು ಸಂಪಾದನೆಯವರು. ಬಾಡಿಗೆ ಮನೆಗಳು ಕಡಿಮೆಯಾದ್ದರಿಂದ ಒಟ್ಟಾರೆ ಊರಿನ ಬಾಡಿಗೆ ಸುಮಾರು ಶೇ 5ರಷ್ಟು ಏರಿತು. ಲೆಕ್ಕ ಹಾಕಿ ನೋಡಿದರೆ, ಒಳಗಿದ್ದವರಿಗೆ ಆದ ಲಾಭ ಮತ್ತು ಮುಂದೆ ಬಂದವರು ಜಾಸ್ತಿ ಕೊಟ್ಟ ಬಾಡಿಗೆ ಹತ್ತಿರ ಹತ್ತಿರ ಒಂದೇ. ಅಂದರೆ ನಾಳೆ ಬರುವ ಬಾಡಿಗೆದಾರನ ಕಿಸೆಯಿಂದ ಇವತ್ತಿನ ಬಾಡಿಗೆದಾರನಿಗೆ ದುಡ್ಡು ಹೋಯಿತು. ನಾಳೆ ಬರುವವನಿಗೆ ಆ ಊರಿನಲ್ಲಿ ವೋಟಿಲ್ಲ. ಅವನು ಸಭೆಯಲ್ಲಿ ಕೈ ಎತ್ತುವುದಿಲ್ಲ, ಮೆರವಣಿಗೆಯಲ್ಲಿ ಇರುವುದಿಲ್ಲ.

ಆತ ಎಲ್ಲಿದ್ದಾನೆ ಅಂತ ನೋಡಬೇಕಾದರೆ ಸ್ಟಾಕ್‌ಹೋಮ್‌ಗೆ ಹೋಗಬೇಕು. ಸ್ವೀಡನ್‌ನಲ್ಲಿ ಬಾಡಿಗೆಯನ್ನು ಬಾಡಿಗೆದಾರರ ಸಂಘ ಮತ್ತು ಮಾಲೀಕರು ಕೂತು ಮಾತಾಡಿ ನಿಗದಿ ಮಾಡುತ್ತಾರೆ, ಮಾರುಕಟ್ಟೆಯಲ್ಲಿ ಆಗಬಹುದಾದಷ್ಟು ಏರಲು ಬಿಡುವುದಿಲ್ಲ. ಹಾಗಾಗಿ ಸ್ಟಾಕ್‌ಹೋಮ್‌ನಲ್ಲಿ ನಗರದ ಅಧಿಕೃತ ಸರದಿಪಟ್ಟಿ ಇದೆ. ಅದರಲ್ಲಿ 7 ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಕಾಯಬೇಕಾದ ಸಮಯ ಸರಾಸರಿ ಸುಮಾರು 9 ವರ್ಷ, ನಗರದ ನಡುಭಾಗದಲ್ಲಿ ಅದಕ್ಕಿಂತ ಬಹಳ ಜಾಸ್ತಿ. ಓದಲು ಅಥವಾ ಕೆಲಸಕ್ಕೆ ಬಂದ ಯುವಕ ಅಲ್ಲಿಯವರೆಗೆ ಎಲ್ಲಿರಬೇಕು? ಬಾಡಿಗೆಗೆ ತೆಗೆದುಕೊಂಡವರಿಂದ ಮತ್ತೆ ಬಾಡಿಗೆಗೆ. ಆರು ತಿಂಗಳು ಒಂದು ಕಡೆ, ವರ್ಷ ಇನ್ನೊಂದು ಕಡೆ. ಬಾಡಿಗೆ ಅಗ್ರಿಮೆಂಟುಗಳನ್ನೇ ಕದ್ದುಮುಚ್ಚಿ ಮಾರುವ ದಂಧೆ ಎಷ್ಟು ಬೆಳೆಯಿತೆಂದರೆ, 2019ರಲ್ಲಿ ಕೊಳ್ಳುವವರಿಗೂ ಶಿಕ್ಷೆ ಎಂಬ ಕಾನೂನು ಬಂತು. ಇಷ್ಟಾದರೂ ಇದನ್ನು ಮುಟ್ಟಲು ರಾಜಕಾರಣಿಗಳಿಗೆ ಧೈರ್ಯ ಸಾಲದು. ಹೊಸದಾಗಿ ಕಟ್ಟುವ ಮನೆಗಳಿಗೆ ಮಾತ್ರ ಮಾರುಕಟ್ಟೆ ಬಾಡಿಗೆ ಇರಲಿ ಎಂಬ ಪ್ರಸ್ತಾಪಕ್ಕೇ 2021ರ ಜೂನ್‌ನಲ್ಲಿ ಪ್ರಧಾನಿ ಸ್ಟೆಫಾನ್ ಲೋವೆನ್ ಅವಿಶ್ವಾಸ ಮತದಲ್ಲಿ ಸೋತರು.

ಒಳಗಿರುವವರಿಗೂ ಇದು ಒಂದು ಥರದ ಬೇಡಿಯಾಗುತ್ತದೆ. ಮಕ್ಕಳು ಬೇರೆ ಊರು ಸೇರಿದ ಮೇಲೆ ಇಬ್ಬರೇ ಉಳಿದ ದಂಪತಿಗೆ ಮೂರು ಮಲಗುವ ಕೋಣೆಯ ಮನೆ ಬೇಕಿಲ್ಲ. ಆದರೆ ಸಣ್ಣ ಮನೆಗೆ ಹೋದರೆ ಈಗಿನ ಬಾಡಿಗೆಗಿಂತ ಜಾಸ್ತಿ ಕೊಡಬೇಕು, ಯಾಕೆ ಹೋಗುತ್ತಾರೆ? ಅದೇ ಹೊತ್ತಿಗೆ ಎರಡು ಮಕ್ಕಳಿರುವ ಕುಟುಂಬ ಒಂದೇ ಕೋಣೆಯಲ್ಲಿರುತ್ತದೆ. ಬಾಡಿಗೆ ನಿಯಂತ್ರಣವಿರುವ ನ್ಯೂಯಾರ್ಕ್‌ನ ಬಾಡಿಗೆದಾರರಲ್ಲಿ ಸುಮಾರು ಐದರಲ್ಲಿ ಒಬ್ಬರು ತಮಗೆ ಬೇಕಾದುದಕ್ಕಿಂತ ದೊಡ್ಡ ಅಥವಾ ಚಿಕ್ಕ ಮನೆಯಲ್ಲಿ ಇದ್ದಾರೆ ಎಂದು ಅರ್ಥಶಾಸ್ತ್ರಜ್ಞರಾದ ಎಡ್ವರ್ಡ್ ಗ್ಲೇಸರ್ ಮತ್ತು ಎರ್ಜೊ ಲಟ್ಮರ್ 2003ರಲ್ಲಿ ಲೆಕ್ಕ ಹಾಕಿದ್ದರು. ಗೋಡೆ, ಕೋಣೆ ಎಲ್ಲ ಇದೆ, ಬೇಕಾದವರಿಗೆ ಸಿಗುತ್ತಿಲ್ಲ.

ಹೊಸ ಮನೆ ಕಟ್ಟುವವರ ಕಥೆ ತಿಳಿಯಲು ಅಮೆರಿಕದ ಸೇಂಟ್ ಪಾಲ್ ಸಾಕು. 2021ರ ನವೆಂಬರ್‌ನಲ್ಲಿ ಆ ಊರಿನ ಜನ ವರ್ಷಕ್ಕೆ ಶೇ 3ಕ್ಕಿಂತ ಹೆಚ್ಚು ಏರಿಸುವಂತಿಲ್ಲ ಎಂಬ ನಿಯಮಕ್ಕೆ ವೋಟು ಹಾಕಿದರು. ಹೊಸ ಕಟ್ಟಡಗಳಿಗೂ ವಿನಾಯಿತಿ ಕೊಡಲಿಲ್ಲ. ಮರುತಿಂಗಳುಗಳಲ್ಲೇ ಹೊಸ ಮನೆಗಳಿಗೆ ಪರವಾನಗಿ ಕೇಳುವವರ ಸಂಖ್ಯೆ ಕುಸಿದುಬಿತ್ತು. ಮುಂದಿನ ವರ್ಷವೇ ನಗರಸಭೆ ಹೊಸ ಮನೆಗಳಿಗೆ 20 ವರ್ಷ ವಿನಾಯಿತಿ ಕೊಟ್ಟಿತು, 2025ರಲ್ಲಿ 2004ರ ನಂತರದ ಕಟ್ಟಡಗಳನ್ನೆಲ್ಲ ಖಾಯಂ ಹೊರಗಿಟ್ಟಿತು. ಬರ್ಲಿನ್ ಇದನ್ನು ಮೊದಲೇ ಯೋಚಿಸಿತ್ತು. 2020ರ ಫೆಬ್ರುವರಿಯಲ್ಲಿ ಸುಮಾರು 15 ಲಕ್ಷ ಮನೆಗಳ ಬಾಡಿಗೆ ಸ್ಥಗಿತ ಮಾಡಿದಾಗ 2014ರಿಂದ ಈಚೆಗೆ ಕಟ್ಟಿದ ಮನೆಗಳನ್ನು ಬಿಟ್ಟಿತ್ತು. ನಿಯಂತ್ರಣದ ಮನೆಗಳಲ್ಲಿ ಬಾಡಿಗೆ ಇಳಿಯಿತು, ಆದರೆ ಅಂಥ ಮನೆಗಳ ಜಾಹೀರಾತುಗಳೇ ಅರ್ಧಕ್ಕಿಂತ ಕಡಿಮೆಯಾದವು. ಮರುವರ್ಷ ಸಂವಿಧಾನ ನ್ಯಾಯಾಲಯ, ಈ ಅಧಿಕಾರ ಬರ್ಲಿನ್‌ನಂಥ ರಾಜ್ಯಕ್ಕಿಲ್ಲ ಅಂತ ಕಾನೂನನ್ನೇ ರದ್ದು ಮಾಡಿತು. ಉಳಿಸಿದ ಬಾಡಿಗೆಯನ್ನು ಎಷ್ಟೋ ಜನ ವಾಪಸ್ ಕೊಡಬೇಕಾಯಿತು.

ಬೇರೆ ಸರಕುಗಳ ಬೆಲೆ ಮಿತಿಯಲ್ಲೂ ಇದೇ ತರ್ಕ ಕೆಲಸ ಮಾಡುತ್ತದೆ, ವೇಗ ಮಾತ್ರ ಬೇರೆ. ಹಂಗೇರಿ ಸರ್ಕಾರ 2021ರ ನವೆಂಬರ್‌ನಲ್ಲಿ ಪೆಟ್ರೋಲ್, ಡೀಸೆಲ್ ಲೀಟರಿಗೆ 480 ಫೋರಿಂಟ್ ದಾಟುವಂತಿಲ್ಲ ಎಂದಿತು. ಮರುವರ್ಷ ಉಕ್ರೇನ್ ಯುದ್ಧದಿಂದ ಜಗತ್ತಿನ ಬೆಲೆ ಏರಿತು. ಹೊರಗೆ ದುಬಾರಿಗೆ ಕೊಂಡು ಒಳಗೆ ನಷ್ಟಕ್ಕೆ ಮಾರಲು ಆಮದುದಾರರು ಸಿದ್ಧರಿರಲಿಲ್ಲ. 2022ರ ಡಿಸೆಂಬರ್ ಹೊತ್ತಿಗೆ ಬಂಕ್‌ಗಳು ಒಣಗಿ, ಕ್ಯೂ ಬೆಳೆದು, ಡಿಸೆಂಬರ್ 6ರ ರಾತ್ರಿ ಸರ್ಕಾರ ಮಿತಿ ತೆಗೆದುಹಾಕಿತು. ಕೆನ್ಯಾ 2016ರಲ್ಲಿ ಬ್ಯಾಂಕ್ ಬಡ್ಡಿಗೆ ಮಿತಿ ಹಾಕಿತು. ಬ್ಯಾಂಕುಗಳು ಸಣ್ಣ ವ್ಯಾಪಾರಿಗಳಿಗೆ ಸಾಲ ಕೊಡುವುದು ಕಡಿಮೆ ಮಾಡಿ ಸರ್ಕಾರಿ ಬಾಂಡ್ ಕೊಂಡವು. ಮೂರು ವರ್ಷದಲ್ಲಿ ಆ ಮಿತಿಯೂ ಹೋಯಿತು.

ಪೆಟ್ರೋಲ್ ಖಾಲಿಯಾದರೆ ಎಲ್ಲರಿಗೂ ಅದೇ ವಾರ ಗೊತ್ತಾಗುತ್ತದೆ. ಮನೆಗಳ ಕೊರತೆ ಕಣ್ಣಿಗೆ ಕಾಣಲು 20 ವರ್ಷ ಬೇಕು. ಕಟ್ಟದೇ ಉಳಿದ ಮನೆಯ ಫೋಟೋ ತೆಗೆಯಲು ಆಗುವುದಿಲ್ಲ. ಬಾಡಿಗೆ ಏರಲಿಲ್ಲ ಎಂಬ ಖುಷಿ ಮಾತ್ರ ಪ್ರತಿ ತಿಂಗಳು ಒಂದನೇ ತಾರೀಕಿಗೆ ಕೈಗೆ ಸಿಗುತ್ತದೆ. ಬಾಡಿಗೆ ಮಿತಿಗಳು ದಶಕಗಟ್ಟಲೆ ಬಾಳುವುದು ಇದರಿಂದಲೇ ಅಂತ ನನ್ನ ಅನಿಸಿಕೆ. ನ್ಯೂಯಾರ್ಕ್‌ನ ನಿಯಂತ್ರಣ 1943ರಲ್ಲಿ ಯುದ್ಧಕಾಲದ ತಾತ್ಕಾಲಿಕ ಕ್ರಮವಾಗಿ ಬಂದದ್ದು. ಅದರ ಕೊಂಬೆಗಳು ಇವತ್ತಿಗೂ ಇವೆ.

ಹಾಗಂತ ಬೆಲೆಗೆ ಮಿತಿ ಎಂದರೆ ಎಲ್ಲಾ ಕಡೆಯೂ ತಪ್ಪು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮಾರುವವನು ಒಬ್ಬನೇ ಇದ್ದಾಗ ಲೆಕ್ಕ ಬೇರೆ. ಕರೆಂಟ್ ತಂತಿ, ನೀರಿನ ಪೈಪು, ಹಿಂದಿನ ಟೆಲಿಫೋನ್ ಲೈನು ಇಂಥವು. ಅಲ್ಲಿ ಬೆಲೆ ಹೆಚ್ಚಿರುವುದು ಕೊರತೆಯಿಂದಲ್ಲ, ಪೈಪೋಟಿ ಇಲ್ಲದ್ದರಿಂದ. 1984ರಲ್ಲಿ ಬ್ರಿಟಿಷ್ ಟೆಲಿಕಾಂ ಖಾಸಗಿಯಾದಾಗ, ಅದರ ಮುಖ್ಯ ದರಗಳ ಏರಿಕೆ ಹಣದುಬ್ಬರಕ್ಕಿಂತ ಶೇ 3 ಕಡಿಮೆ ಇರಬೇಕು ಎಂಬ ನಿಯಮ ಹಾಕಿದರು. ಕಂಪನಿ ಖರ್ಚು ಇಳಿಸಿ ಲಾಭ ಮಾಡಬೇಕಾಯಿತು. ಸೇವೆ ನಿಲ್ಲಲಿಲ್ಲ. ಆಮೇಲೆ ಎಷ್ಟೋ ದೇಶಗಳು ಅದೇ ದಾರಿ ಹಿಡಿದವು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಮತ್ತು ಬ್ರಿಟನ್ ಬೆಲೆ ಮಿತಿಯ ಜೊತೆಗೆ ರೇಷನ್ ಕೂಡ ತಂದವು. ಸಕ್ಕರೆ, ಮಾಂಸ ಯಾರಿಗೆ ಎಷ್ಟು ಅಂತ ಚೀಟಿ ಹೇಳುತ್ತಿತ್ತು. ಕಾಳಸಂತೆ ಇದ್ದೇ ಇತ್ತು. ಆದರೂ ಕೊರತೆಯನ್ನು ಎಲ್ಲರೂ ಹಂಚಿಕೊಳ್ಳಬೇಕು ಎಂಬ ಒಪ್ಪಂದ ಜನರ ನಡುವೆ ಇತ್ತು, ಯುದ್ಧ ಮುಗಿಯುತ್ತದೆ ಎಂಬ ನಂಬಿಕೆಯೂ ಇತ್ತು.

ಬಾಡಿಗೆ ಮನೆಯಲ್ಲೂ ಪೂರ್ತಿ ಪೈಪೋಟಿ ಇಲ್ಲ ಎಂಬುದನ್ನು ಒಪ್ಪಲೇಬೇಕು. ಒಮ್ಮೆ ನೆಲೆಯೂರಿದ ಮೇಲೆ ಮನೆ ಬದಲಿಸುವುದು ಕಷ್ಟ ಅಂತ ಮಾಲೀಕನಿಗೆ ಗೊತ್ತು. ಲಾರಿ ಬಾಡಿಗೆ, ಹೊಸ ಅಡ್ವಾನ್ಸ್, ಮಕ್ಕಳ ಶಾಲೆ, ಇವೆಲ್ಲ ಸೇರಿ ಬಾಡಿಗೆದಾರನ ಕೈ ಕಟ್ಟಿಹಾಕುತ್ತವೆ. ಈ ಅಸಹಾಯಕತೆಯ ಲಾಭ ಪಡೆಯುವುದನ್ನು ತಡೆಯುವ ಕಾನೂನು ಬೇಕು ಅಂತ ನಾನು ಖಂಡಿತ ಹೇಳುತ್ತೇನೆ. ಅಮೆರಿಕದ ಆರೆಗಾನ್ ರಾಜ್ಯ 2019ರಲ್ಲಿ ಇಂಥದ್ದೊಂದನ್ನು ಮಾಡಿತು. ಆಗಿನ ನಿಯಮದಂತೆ ಹಣದುಬ್ಬರದ ಮೇಲೆ ಶೇ 7, ಅದಕ್ಕಿಂತ ಹೆಚ್ಚು ಒಂದು ವರ್ಷದಲ್ಲಿ ಏರಿಸುವಂತಿರಲಿಲ್ಲ; 2023ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. 15 ವರ್ಷದೊಳಗಿನ ಕಟ್ಟಡಗಳಿಗೆ ಇದು ಅನ್ವಯಿಸುವುದಿಲ್ಲ. ಬಾಡಿಗೆದಾರ ತಾನಾಗಿ ಬಿಟ್ಟುಹೋದರೆ ಹೊಸ ಬಾಡಿಗೆ ಮಾರುಕಟ್ಟೆಯಂತೆ. ಇದು ಮನೆ ಅಗ್ಗ ಮಾಡುವುದಿಲ್ಲ. ರಾತ್ರೋರಾತ್ರಿ ಬಾಡಿಗೆ ಮುಗಿಲಿಗೇರದಂತೆ ತಡೆಯುತ್ತದೆ, ಬೇರೆ ದಾರಿ ಹುಡುಕಿಕೊಳ್ಳಲು ಸಮಯ ಕೊಡುತ್ತದೆ. ವಿಮೆಯ ಥರ ಅನ್ನಬಹುದು. ನಗರದ ಎಲ್ಲ ಬಾಡಿಗೆಗೂ ಬೀಗ ಹಾಕುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಚರ್ಚೆಗಳಲ್ಲಿ ಎರಡಕ್ಕೂ ಒಂದೇ ಹೆಸರು ಬಳಸುವುದರಿಂದ ಗೊಂದಲ ಜಾಸ್ತಿಯಾಗಿದೆ.

ಅಗ್ಗ ಆಗಬೇಕಾದರೆ ಮನೆಗಳೇ ಬೇಕು. ವಿಯೆನ್ನಾ 1923ರಲ್ಲಿ ಮನೆ ತೆರಿಗೆ ಹಾಕಿ, ಶ್ರೀಮಂತರಿಂದ ಹೆಚ್ಚು ವಸೂಲಿ ಮಾಡಿ, ಹತ್ತೇ ವರ್ಷದಲ್ಲಿ 60 ಸಾವಿರಕ್ಕೂ ಹೆಚ್ಚು ಮನೆ ಕಟ್ಟಿತು. ಇವತ್ತು ಆ ನಗರಸಭೆಯ ಕೈಯಲ್ಲಿ ಸುಮಾರು 2.2 ಲಕ್ಷ ಮನೆಗಳಿವೆ. ನ್ಯೂಜಿಲೆಂಡಿನ ಆಕ್ಲೆಂಡ್ ಬೇರೆ ದಾರಿ ಹಿಡಿಯಿತು. ಒಂದು ನಿವೇಶನದಲ್ಲಿ ಒಂದೇ ಮನೆ ಎಂಬ ಕಟ್ಟುಪಾಡನ್ನು 2016ರಲ್ಲಿ ನಗರದ ಬಹುಪಾಲು ವಸತಿ ಜಾಗದಲ್ಲಿ ಸಡಿಲಿಸಿತು. ಪರವಾನಗಿಗಳು ದಾಖಲೆ ಮಟ್ಟಕ್ಕೆ ಏರಿದವು. ಒಂದು ಕಡೆ ಸರ್ಕಾರ ಕಟ್ಟಿತು, ಇನ್ನೊಂದು ಕಡೆ ಕಟ್ಟುವವರ ದಾರಿಯಿಂದ ಸರ್ಕಾರ ಪಕ್ಕಕ್ಕೆ ಸರಿಯಿತು. ಯಾವುದು ಮೇಲು ಎಂಬ ಜಗಳಕ್ಕಿಂತ, ಎರಡೂ ಕಡೆ ಬಾಗಿಲ ಹೊರಗಿದ್ದವರಿಗೆ ಕೀಲಿ ಸಿಕ್ಕಿತು ಎಂಬುದು ನನಗೆ ಮುಖ್ಯ. ತೀರಾ ಬಡವರಿಗೆ ಇವತ್ತೇ ನೆರವು ಬೇಕಾದರೆ ಸರ್ಕಾರ ತನ್ನ ಬೊಕ್ಕಸದಿಂದ ಬಾಡಿಗೆಗೆ ಸಹಾಯಧನ ಕೊಡಬೇಕು. ಆ ಖರ್ಚು ಬಜೆಟ್ಟಿನಲ್ಲಿ ಎಲ್ಲರಿಗೂ ಕಾಣುತ್ತದೆ, ಎಲ್ಲರೂ ಸೇರಿ ಹೊರುತ್ತಾರೆ. ಮನೆಗಳೇ ಇಲ್ಲದ ಊರಿನಲ್ಲಿ ಸಹಾಯಧನವೂ ಬಾಡಿಗೆಯನ್ನೇ ಏರಿಸುತ್ತದೆ ಎಂಬುದು ನೆನಪಿರಬೇಕು.

ಗ್ಲಾಸ್ಗೋಗೆ ವಾಪಸ್ ಬರುತ್ತೇನೆ, ಯಾಕೆಂದರೆ ಆ ಕಥೆಯ ಎರಡನೇ ಭಾಗವನ್ನು ಯಾರೂ ಹೇಳುವುದಿಲ್ಲ. 1915ರ ಕಾನೂನು ಯುದ್ಧ ಮುಗಿದ ಮೇಲೆ ಹೋಗಬೇಕಿತ್ತು. ಬೇರೆ ಬೇರೆ ರೂಪದಲ್ಲಿ ಅದು 1988ರವರೆಗೂ ಉಳಿಯಿತು, ಅಷ್ಟರಲ್ಲಿ ಬ್ರಿಟನ್ನಿನ ಖಾಸಗಿ ಬಾಡಿಗೆ ಮನೆಗಳು ಹತ್ತರಲ್ಲಿ ಒಂದಕ್ಕೆ ಇಳಿದಿದ್ದವು. ಜನ ಸ್ವಂತ ಮನೆ ಕೊಂಡದ್ದು, ಸರ್ಕಾರಿ ಮನೆಗಳು ಬಂದದ್ದು ಕೂಡ ಇದಕ್ಕೆ ಕಾರಣ. ಆದರೆ ಮುಷ್ಕರ ಮಾಡಿದವರು ಬಾಡಿಗೆ ನಿಲ್ಲಿಸಿದ್ದಕ್ಕೇ ತೃಪ್ತರಾಗಿ ಕೂರಲಿಲ್ಲ. ಮೇರಿ ಬಾರ್ಬರ್ 1920ರಲ್ಲಿ ಗ್ಲಾಸ್ಗೋ ನಗರಸಭೆಗೆ ಆಯ್ಕೆಯಾದಳು. ಮುಷ್ಕರಕ್ಕೆ ಬೆನ್ನೆಲುಬಾಗಿದ್ದ ಜಾನ್ ವೀಟ್ಲಿ 1924ರಲ್ಲಿ ಆರೋಗ್ಯ ಮಂತ್ರಿಯಾದ, ಮನೆಗಳ ಖಾತೆಯೂ ಅವನ ಬಳಿಯೇ ಇತ್ತು. ನಗರಸಭೆಗಳು ಮನೆ ಕಟ್ಟಿದರೆ ಕೇಂದ್ರ ದುಡ್ಡು ಕೊಡುತ್ತದೆ ಎಂಬ ಕಾನೂನು ತಂದ. ಆ ಸರ್ಕಾರ ಒಂದು ವರ್ಷವೂ ಬಾಳಲಿಲ್ಲ. ಕಾನೂನು ಉಳಿಯಿತು. ಅದರಡಿ ಮುಂದಿನ ಹತ್ತು ವರ್ಷದಲ್ಲಿ ಸುಮಾರು 5 ಲಕ್ಷ ಮನೆಗಳು ಎದ್ದವು.